ಏರಿಗೆ ಕೊಟ್ಟ ಬೆನ್ನು

"ಕತ್ತು ಮುಳುಗೋವರೆಗೂ ಇಳಿಯೇ ಮುಂಡೆ. ಹೂಳಿರೋದು ಕಾಲಡಿ, ನಿನ್ನ ತಲೆ ಮೇಲಲ್ಲ."

ಹೀಗೆ ಬೈದವನು ಕುಳ್ಳಿಯ ಒಡಹುಟ್ಟಿದ ತಮ್ಮ. ಅವನು ಧಣಿಯ ಮೇಸ್ತ್ರಿ. ಕಾಲುವೆಯ ಏರಿಯ ಮೇಲೆ ಕೋಲೂರಿಕೊಂಡು ನಿಂತಿದ್ದ. ದೂರದಲ್ಲಿ ಧಣಿಯ ಕೊಡೆ ಕಾಣಿಸಿದ ಕೂಡಲೇ ಅವನ ಬಾಯಿ ಹೊಲಸಾಗುತ್ತಿತ್ತು. ಕೊಡೆ ಮರೆಯಾದ ಮೇಲೆ "ಅಕ್ಕಾ, ಸ್ವಲ್ಪ ಹೊತ್ತು ಮೇಲೆ ಬಂದು ಕೂತ್ಕೊ" ಎನ್ನುತ್ತಿದ್ದ. ಹಾಗಾಗಿ ಅವನ ಬೈಗುಳ ಕೇಳಿದರೆ ಸಾಕು, ಧಣಿ ಎಷ್ಟು ಹತ್ತಿರ ಬಂದ ಎಂಬುದು ನೀರಿನಲ್ಲಿದ್ದವರಿಗೆ ತಲೆಯೆತ್ತದೆಯೇ ಗೊತ್ತಾಗುತ್ತಿತ್ತು.

ಕುಳ್ಳಿ ಇನ್ನೊಂದು ಹೆಜ್ಜೆ ಇಳಿದಳು. ಉಳಿದವರಿಗೆ ಎದೆಮಟ್ಟ ಬರುವ ನೀರು ಅವಳಿಗೆ ಗದ್ದ ಮುಟ್ಟುತ್ತದೆ. ಬಾಯಿ ಬಿಗಿಹಿಡಿಯಬೇಕು, ಏಕೆಂದರೆ ಮೇಲಿನ ಪೇಟೆಯವರು ತೊಳೆದದ್ದು ಬಳಿದದ್ದು ಎಲ್ಲ ಇದೇ ನೀರಿನಲ್ಲಿ ಬರುತ್ತದೆ. ಉಸಿರು ಕಟ್ಟಿ ಮುಳುಗಿ, ತಳದ ಹೂಳನ್ನು ಬುಟ್ಟಿಗೆ ಬಾಚಿ, ಮೇಲೆದ್ದು ಮೈದುನನ ಕೈಗೆ ಕೊಟ್ಟಳು. ಅವನು ಅದನ್ನು ಏರಿಯ ಮೇಲೆ ಸುರಿದ.

"ಅತ್ತಿಗೆ, ನಿನ್ನ ತಮ್ಮ ಇವತ್ತು ಬೆಳಿಗ್ಗೆಯಿಂದ ಬಿಡದೆ ಮುಂಡೆ ಮುಂಡೆ ಅಂತಿದಾನೆ. ನಿನ್ನೆ ಇಷ್ಟಿರಲಿಲ್ಲ."

"ಧಣಿ ತೀರಾ ಹತ್ರ ಬಂದಿರಬೇಕು ಬಿಡು."

ಈ ಕಾಲುವೆಯನ್ನು ತೋಡಿದವರು ಕುಳ್ಳಿಯ ಜನವೇ. ಅದಕ್ಕೂ ಮುಂಚೆ ಇಲ್ಲಿ ಕಾಲುವೆಯೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಜೊಂಡು ತುಂಬಿದ ಕೆರೆ. ಯಾರದೂ ಅಲ್ಲದ ಕೆರೆ, ಆದ್ದರಿಂದ ಇವರದು. ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಬಾತಿನ ಮೊಟ್ಟೆ ಹುಡುಕಿ ತಿನ್ನುತ್ತಿದ್ದರು. ಕುಳ್ಳಿಯ ಅತ್ತೆ ಇನ್ನೂ ಹುಡುಗಿಯಾಗಿದ್ದಾಗ ಈಗಿನ ಧಣಿಯ ಅಜ್ಜ ಒಂದು ಗಾಡಿ ಸಲಿಕೆ ತಂದು ಇಳಿಸಿದ. ಹೊಳೆಯ ನೀರು ಕೆರೆಗೆ ಬೀಳದ ಹಾಗೆ ಕಾಲುವೆ ತೋಡಿ ಆಚೆ ಸಾಗಿಸಿ, ಕೆರೆ ಒಣಗಿದ ಮೇಲೆ ಮನೆಗೊಂದು ತುಂಡು ಗದ್ದೆ ಕೊಡುತ್ತೇನೆ ಎಂದ. ಜೊಂಡಿನಲ್ಲಿ ಕೈ ಸೀಳಿಸಿಕೊಂಡು ಬೇಸತ್ತಿದ್ದ ಜನ ಗದ್ದೆಯ ಹೆಸರು ಕೇಳಿ ಬಾಯಿಬಿಟ್ಟರು. ತಮ್ಮ ಕೆರೆಯನ್ನು ತಾವೇ ಬರಿದು ಮಾಡಿದರು. ನೀರು ಹೋದ ಮೇಲೆ ನೆಲಕ್ಕೆ ಪತ್ರ ಹುಟ್ಟಿತು, ಪತ್ರದಲ್ಲಿ ಧಣಿಯ ಅಜ್ಜನ ಹೆಸರು ಮಾತ್ರ ಇತ್ತು. ಇವರಿಗೆ ದಕ್ಕಿದ್ದು ಗುಡಿಸಲು ಹಾಕಿಕೊಳ್ಳಲು ಕಾಲುವೆಯ ಏರಿ. ಅದೂ ಪುಕ್ಕಟೆಯಲ್ಲ. ಪ್ರತಿ ಮಳೆಗೆ ಮುಂಚೆ ಹೂಳೆತ್ತಬೇಕು, ಏರಿ ಒಸರಿದರೆ ಓಡಿಬಂದು ಕಟ್ಟಬೇಕು, ಕೂಲಿ ಕೇಳಬಾರದು.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ" ಎಂದು ಅತ್ತೆ ಆಗಾಗ ನಗುತ್ತಾಳೆ. "ಸುಳ್ಳಲ್ಲ ಕಣೇ. ಕೈ ನಮ್ಮದು, ಬಾಯಿ ಅವರದು."

ಕೆರೆಯಂಗಳದ ಮಣ್ಣು ನೀರು ಕುಡಿದು ಉಬ್ಬಿದ್ದ ಮಣ್ಣು. ನೀರು ತೆಗೆದ ಮೇಲೆ ಅದು ಒಣಗಿ, ಪುಡಿಯಾಗಿ, ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಯಿತು. ಕೆರೆಯಂಗಳದ ನಡುವೆ ಬಂಡೆಯ ಮೇಲೆ ಕಟ್ಟಿದ ಧಣಿಯ ಮನೆ ಮಾತ್ರ ಇದ್ದಲ್ಲೇ ಇತ್ತು. ಸುತ್ತಲ ನೆಲ ಇಳಿದಂತೆಲ್ಲ ಗಾರೆಯವನು ಬಂದು ಬಾಗಿಲ ಮುಂದೆ ಇನ್ನೊಂದು ಮೆಟ್ಟಿಲು ಸೇರಿಸಿ ಹೋಗುತ್ತಿದ್ದ. ಧಣಿ ಮೇಲಕ್ಕೇರುತ್ತಿದ್ದಾನೆ ಎಂದುಕೊಂಡು ಕೆಲವರು ಕೈಮುಗಿಯುತ್ತಿದ್ದರು. ಇತ್ತ ಕಾಲುವೆಯಲ್ಲಿ ಹೂಳು ತುಂಬುವುದು, ತೆಗೆದ ಹೂಳಿನಿಂದ ಏರಿ ಎತ್ತರಿಸುವುದು ನಡೆದೇ ಇತ್ತು. ಈಗ ಗದ್ದೆ ಕೆಳಗೆ, ನೀರು ಮೇಲೆ. ನಡುವೆ ಒಂದು ಮಣ್ಣಿನ ಏರಿ.

ಅವತ್ತು ಧಣಿಯ ಕೊಡೆಯ ಹಿಂದೆ ಇನ್ನೊಂದು ಕೊಡೆ ಬಂತು. ಅದರಡಿ ಇಂಜಿನಿಯರ್ ಸಾಹೇಬರು. ಅವರಿಗೆ ಆಚೆ ದಡ ನೋಡಬೇಕಿತ್ತು. ದಾಟಲು ಹಾಕಿದ್ದ ಮರದ ಹಲಗೆ ಹೋದ ಮಳೆಗೇ ಕೊಚ್ಚಿಹೋಗಿತ್ತು. ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಧಣಿ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಕುಳ್ಳಿಯ ಮೈದುನನನ್ನು ನೋಡಿದ.

"ಬಗ್ಗೋ. ಸಾಹೇಬ್ರನ್ನ ಹೆಗಲ ಮೇಲೆ ಕೂರಿಸ್ಕೊ. ಬೂಟು ಒದ್ದೆ ಆದ್ರೆ ಚರ್ಮ ಸುಲಿದುಬಿಡ್ತೀನಿ."

"ಚರ್ಮ ಎಲ್ಲಿದೆ ಮೇಸ್ತ್ರಿ? ಈ ನೀರಲ್ಲಿ ನೆಂದು ಅದಾಗಲೇ ಸುಲಿದಿದೆ."

"ಬಾಯಿ ಮುಚ್ಚೋ ಬೋಳಿಮಗನೆ."

ಮೈದುನ ಬಗ್ಗಿದ. ಸಾಹೇಬರು ಅವನ ಕತ್ತಿನ ಎರಡೂ ಕಡೆ ಕಾಲು ಹಾಕಿ, ಬೂಟು ನೀರಿಗೆ ತಾಗದಂತೆ ಮುಂದಕ್ಕೆ ಚಾಚಿ ಕೂತರು. ನೀರಿನ ನಡುವೆ ಬಂದಾಗ ಒಂದು ಕೈಯಲ್ಲಿ ಅವನ ಕೂದಲು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗದ್ದೆಯತ್ತ ತೋರಿಸಿದರು.

"ಹಿಂದೆ ಇದೆಲ್ಲ ಬರೀ ಜೌಗು ಅಲ್ವಾ? ಹಾವು, ಸೊಳ್ಳೆ, ಕಾಯಿಲೆ."

"ಕೆಲಸಕ್ಕೆ ಬಾರದ ಜಾಗ ಸ್ವಾಮಿ" ಎಂದ ಧಣಿ ಈಚೆ ದಡದಿಂದ. "ನಮ್ಮಜ್ಜ ಒಬ್ಬನೇ ನಿಂತು ಬಂಗಾರದಂಥ ಭೂಮಿ ಮಾಡಿದ."

"ಒಬ್ಬ ಮನುಷ್ಯ ಮನಸ್ಸು ಮಾಡಿದ್ರೆ ನೋಡಿ" ಎಂದು ಸಾಹೇಬರು ಇನ್ನೊಬ್ಬನ ಕೊರಳ ಮೇಲಿಂದ ತಲೆದೂಗಿದರು.

ಮೈದುನ ಕುಳ್ಳಿಯನ್ನು ದಾಟುವಾಗ ಪಿಸುಗುಟ್ಟಿದ. "ಅತ್ತಿಗೆ, ಕಾಲು ಜಾರಿತು ಅಂದುಬಿಡ್ಲಾ?"

"ಬೇಡ. ಬಿದ್ದರೆ ಅವನನ್ನೂ ನಾವೇ ಎತ್ತಬೇಕು."

ಆಚೆ ದಡವನ್ನು ನೋಡಿ, ಅದೇ ಹೆಗಲಿನ ಮೇಲೆ ಮರಳಿ ಬಂದು, ಸಾಹೇಬರು ತೀರ್ಪು ಕೊಟ್ಟರು. "ಇಷ್ಟೊಂದು ಜನ ಯಾಕ್ರೀ ನಿಮಗೆ? ಒಂದು ಯಂತ್ರ ತರಿಸಿ, ಇವರೆಲ್ಲ ತಿಂಗಳುಗಟ್ಟಲೆ ಮಾಡೋದನ್ನ ಬೇಗ ಮುಗಿಸುತ್ತೆ. ಆದ್ರೆ ಅದು ಓಡಾಡೋಕೆ ಏರಿ ಮೇಲೆ ದಾರಿ ಬೇಕು. ಈ ಗುಡಿಸಲು ಕಿತ್ತುಹಾಕಿಸಿ, ಏರಿ ತಲೆ ಕೆರೆದು ಸಮ ಮಾಡಿಸಿ."

"ಈ ಸಲದ ಹೂಳು ಮುಗಿಸಿಬಿಡ್ಲಿ" ಎಂದ ಧಣಿ. "ಆಮೇಲೆ ಓಡಿಸ್ತೀನಿ."

ಎತ್ತುಗಳ ಮುಂದೆ ನಿಂತು ಎತ್ತು ಮಾರುವ ಮಾತಾಡಿದ ಹಾಗೆ ಆಡಿದರು. ಕಾಲುವೆಯೊಳಗೆ ಎಲ್ಲರೂ ಕೇಳಿಸಿಕೊಂಡರು. ಯಾರೂ ಬುಟ್ಟಿ ಕೆಳಗಿಡಲಿಲ್ಲ. ಕುಳ್ಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಮುಳುಗಿ ಇನ್ನೊಂದು ಬುಟ್ಟಿ ತುಂಬಿದಳು.

ಆ ಸಂಜೆ ಮೇಸ್ತ್ರಿ ಅಕ್ಕನ ಗುಡಿಸಲಿಗೆ ಬಂದ. ಅತ್ತೆ ಬಾಗಿಲಲ್ಲೇ ಕೂತಿದ್ದಳು. ಅವಳಿಗೆ ಈಗ ಕಣ್ಣು ಅಷ್ಟಾಗಿ ಕಾಣದು, ಆದರೆ ನಾಲಿಗೆ ನೆಟ್ಟಗಿತ್ತು.

"ಬಂತಾ ನಾಯಿ? ಬಾಲ ಧಣಿ ಮನೇಲೇ ಬಿಟ್ಟು ಬಂದ್ಯೇನೋ?"

"ಬೈಬೇಡ ಅಜ್ಜಿ. ನಾನೇನು ಮಾಡ್ಲಿ? ಧಣಿಗೆ ಕೈಮುಗಿದು, ಕೆಳಗಿನ ಮೂಲೇಲಾದ್ರೂ ಇವರಿಗೆ ಜಾಗ ಕೊಡಿ ಅಂತ ಕೇಳಿ ಬಂದಿದೀನಿ."

"ಆ ಮೂಲೇಲಿ ಮಳೆ ಬಂದರೆ ಕಪ್ಪೆ ಕೂಡ ಈಜಿ ಸುಸ್ತಾಗ್ತದೆ."

ಕುಳ್ಳಿ ತಮ್ಮನ ಮುಂದೆ ಗಂಜಿಯ ಬಟ್ಟಲಿಟ್ಟಳು. "ನಾವು ಮೂಲೆಗೆ ಹೋಗ್ತೀವಿ ಅಂತಲೇ ಇಟ್ಕೊ. ನಿನ್ನ ಭಾವನ್ನ ಏನು ಮಾಡ್ತೀಯ?"

ಅವನು ಬಟ್ಟಲಿಗೆ ಹಾಕಿದ್ದ ಕೈ ಹಾಗೇ ಉಳಿಯಿತು.

ಕುಳ್ಳಿಯ ಗಂಡ ಅದೇ ಗುಡಿಸಲಿನ ನೆಲದಡಿ ಇದ್ದ. ಏರಿ ಒಸರಿದಾಗ ಇವರು ಅದನ್ನು ನಿಲ್ಲಿಸುವ ರೀತಿಯೊಂದಿದೆ, ಅದಕ್ಕೆ ಬೆನ್ನು ಕೊಡುವುದು ಎನ್ನುತ್ತಾರೆ. ಗದ್ದೆಯ ಕಡೆಗೆ ಇಳಿದು, ನೀರು ಒಸರುವಲ್ಲಿ ಒತ್ತೊತ್ತಾಗಿ ಸಾಲು ಕೂತು, ಹಿಮ್ಮಡಿಗಳನ್ನು ಕೆಸರಿಗೆ ಊರಿ, ಬೆನ್ನುಗಳನ್ನು ಏರಿಗೆ ಒತ್ತಿ ಹಿಡಿಯಬೇಕು. ಉಳಿದವರು ಮೇಲಿನಿಂದ ಬುಟ್ಟಿ ಬುಟ್ಟಿ ಮಣ್ಣು ಸುರಿದು ತುಂಬುತ್ತಾರೆ. ಹಿಂದೆ ಮೊದಲು ಚಾಪೆ ಒತ್ತಿ ಅದರ ಮೇಲೆ ಬೆನ್ನು ಕೊಡುತ್ತಿದ್ದರು. ಕೆರೆ ಹೋಗಿ ಜೊಂಡು ಸತ್ತ ಮೇಲೆ ಚಾಪೆ ಇಲ್ಲ, ಬೆನ್ನೇ ಉಳಿಯಿತು.

ಒಂದು ದೊಡ್ಡ ಮಳೆಯಲ್ಲಿ ಹಾಗೆ ಕೂತವರ ಮೇಲೆ ಏರಿ ಕುಸಿಯಿತು. ಉಳಿದವರು ಜಿಗಿದರು, ಕುಳ್ಳಿಯ ಗಂಡ ಎದೆವರೆಗೂ ಹೂತುಹೋದ. ಅವನನ್ನು ಎಳೆದರೆ ಆ ಜಾಗದಿಂದಲೇ ಏರಿ ಒಡೆಯುತ್ತಿತ್ತು. ಎಳೆಯಬೇಡಿ, ಮಣ್ಣು ಹಾಕಿ ಎಂದ ಧಣಿ. ಮಣ್ಣು ಹಾಕಲು ಜನ ಕೈ ಎತ್ತಲಿಲ್ಲ. ಆಗ ಕುಳ್ಳಿಯ ತಮ್ಮನೇ ಮೊದಲ ಬುಟ್ಟಿ ಸುರಿದು, ಹಾಕ್ರೋ ಹಾಕ್ರೋ ಎಂದು ಕೂಗಿದ. ಕುಳ್ಳಿ ಆಗ ದೂರದ ಗುಂಡಿಯಲ್ಲಿ ಮಣ್ಣು ತುಂಬಿ ತುಂಬಿ ತಲೆಯ ಮೇಲೆ ಹೊತ್ತು ತಂದು ಕೊಡುತ್ತಿದ್ದಳು. ಬೇಗ ಬೇಗ ತಂದಳು. ಆ ಮಣ್ಣಿನಡಿ ಯಾರಿದ್ದರು ಎಂದು ಅವಳಿಗೆ ಮಳೆ ನಿಂತ ಮೇಲೆ ಹೇಳಿದರು. ಆ ವರ್ಷವೇ ತಮ್ಮ ಮೇಸ್ತ್ರಿಯಾದ. ಅವಳು ಗುಡಿಸಲು ಕಿತ್ತು ತಂದು ಗಂಡ ಇದ್ದ ಜಾಗದ ಮೇಲೆ ಹಾಕಿಕೊಂಡಳು.

"ಯಂತ್ರ ಏರಿ ತಲೆ ಕೆರೀತದೆ" ಎಂದಳು ಕುಳ್ಳಿ. "ಅವರು ಎಷ್ಟು ಕೆಳಗಿದಾರೆ ಅಂತ ನಿನಗೇ ಗೊತ್ತಿರಬೇಕು. ಮಣ್ಣು ಹಾಕಿಸಿದೋನು ನೀನು."

"ಹಾಕಿಸದೇ ಇದ್ದಿದ್ರೆ ಏರಿ ಒಡೀತಿತ್ತು ಅಕ್ಕ. ಎಲ್ರೂ ಹೋಗ್ತಿದ್ವಿ."

"ಎಲ್ರೂ ಅಂದ್ರೆ ಯಾರೋ? ನಮ್ಮ ಗುಡಿಸಲು, ನಮ್ಮ ಮಕ್ಕಳು ಎಲ್ಲ ಏರಿ ಮೇಲಿತ್ತು. ಕೆಳಗಿದ್ದಿದ್ದು ಯಾರ ಗದ್ದೆ?"

ಇದನ್ನು ಅವನು ಯೋಚಿಸಿಯೇ ಇರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಇಷ್ಟು ವರ್ಷ ಕುಳ್ಳಿಯೂ ಯೋಚಿಸಿರಲಿಲ್ಲ. ತಮ್ಮ ಗಂಜಿ ಬಿಟ್ಟು ಎದ್ದುಹೋದ.

"ಬಟ್ಟಲು ಇತ್ತ ತಾರೆ" ಎಂದಳು ಅತ್ತೆ. "ಅವನಿಗೆ ಹಸಿವಿಲ್ಲ ಅಂದ್ರೆ ನನಗಿದೆ."

ಹೂಳು ಮುಗಿದ ಮಾರನೆಯ ಬೆಳಿಗ್ಗೆ ಯಂತ್ರ ಬಂತು. ಜೊತೆಗೆ ಲಾಠಿ ಹಿಡಿದವರೂ ಬಂದರು, ಆದರೆ ಅವರಿಗೆ ಕೆಲಸ ಬೀಳಲಿಲ್ಲ. ಜನ ತಮ್ಮ ತಮ್ಮ ಪಾತ್ರೆ, ಕಂಬಳಿ, ಕೋಳಿಗಳನ್ನು ಎತ್ತಿಕೊಂಡು ತಾವೇ ಇಳಿದರು. ಅತ್ತೆ ಮಾತ್ರ ಏಳಲಿಲ್ಲ. ಮೇಸ್ತ್ರಿ ಅವಳನ್ನು ಮಗುವಿನ ಹಾಗೆ ಎತ್ತಿ ಕೆಳಗೆ ತಂದ. ದಾರಿಯುದ್ದಕ್ಕೂ ಅವಳು ಅವನ ಕಿವಿಯಲ್ಲಿ ಅವನ ಹುಟ್ಟನ್ನು ಹಿಡಿದು ಬೈಯುತ್ತಿದ್ದಳು.

ಗುಡಿಸಲುಗಳು ಒಂದೊಂದೇ ಮಗುಚಿದವು. ಯಂತ್ರದ ಹಲ್ಲು ಏರಿಯ ತಲೆ ಕೆರೆಯತೊಡಗಿತು. ಕುಳ್ಳಿ ಅದರ ಮುಂದೆ ಮುಂದೆ ಬಗ್ಗಿಕೊಂಡು ನಡೆದಳು. ಕೆದರಿದ ಮಣ್ಣನ್ನು ಕೈಯಾಡಿಸಿ ನೋಡುತ್ತಿದ್ದಳು. ಓಡಿಸುವವನು ಬೈದು ನಿಲ್ಲಿಸಿದ.

"ಏನು ಹುಡುಕ್ತಿದೀಯೇ ಅಲ್ಲಿ?" ಎಂದ ಧಣಿ.

"ನನ್ನ ಗಂಡನ್ನ."

"ಎಲ್ಲಾದ್ರೂ ಕುಡಿದು ಬಿದ್ದಿರ್ತಾನೆ ಹೋಗೇ. ಇಲ್ಲೇನು ಹುಡುಕ್ತೀಯ?"

ತಮಾಷೆಗೆ ಹೇಳಿದ್ದಲ್ಲ, ಧಣಿ ನಿಜಕ್ಕೂ ಮರೆತಿದ್ದ. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ನೆಲ ನೋಡುತ್ತಿದ್ದ, ನೆನಪಿಸಲಿಲ್ಲ. ಕುಳ್ಳಿ ಧಣಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಕೈ ಒರೆಸಿಕೊಂಡು ಇಳಿದುಹೋದಳು.

ಆಮೇಲೆ ಮಳೆ ಹಿಡಿಯಿತು. ಮೇಲಿನ ಬೆಟ್ಟಗಳಲ್ಲಿ ಇನ್ನೂ ಜೋರು. ಕೆಳಗಿನ ಮೂಲೆಯಲ್ಲಿ ಹಾಕಿಕೊಂಡ ಜೋಪಡಿಗಳೊಳಗೆ ಮೊದಲ ದಿನವೇ ನೀರು ನುಗ್ಗಿತು. ಜನ ಮಕ್ಕಳನ್ನೂ ಮುದುಕರನ್ನೂ ಹೊತ್ತು, ಕಾಲುವೆ ತಿರುಗುವ ಕಡೆ ಯಂತ್ರ ಇನ್ನೂ ಮುಟ್ಟದಿದ್ದ ಏರಿಯ ತುಂಡಿನ ಮೇಲೆ ಕೂರಿಸಿದರು. ಮೈದುನ ತನ್ನ ತಾಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿಸಿದ.

"ಸಾಹೇಬನಿಗಿಂತ ಹಗುರ ಇದೀಯ ಅವ್ವ."

"ಅವನಷ್ಟು ನಾನು ಯಾವತ್ತು ತಿಂದೆ?"

ಅಷ್ಟರಲ್ಲಿ ಮೇಸ್ತ್ರಿ ಓಡಿಬಂದ. ಯಂತ್ರದ ಭಾರಕ್ಕೆ ಏರಿ ಬಿರಿದಿತ್ತು, ಒಂದು ಕಡೆ ಒಸರುತ್ತಿತ್ತು. ಯಂತ್ರವನ್ನೇ ತಂದು ಮಣ್ಣು ತುಂಬೋಣವೆಂದರೆ ಅದು ತನ್ನ ಭಾರಕ್ಕೆ ತಾನೇ ಕೆಸರಿನಲ್ಲಿ ಹೂತು ಕೂತಿತ್ತು.

"ಬನ್ರೋ, ಬೆನ್ನು ಕೊಡ್ರೋ. ಬೇಗ ಬನ್ನಿ."

ಅವರು ಹೋದರು. ಯಾಕೆ ಹೋದಿರಿ ಎಂದು ಆಮೇಲೆ ಕೇಳಿದ್ದರೆ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಏರಿ ಒಸರಿತು ಎಂದರೆ ಈ ಜನಕ್ಕೆ ಕಾಲು ತಾನಾಗಿ ಏಳುತ್ತದೆ. ಅಪ್ಪ, ಅಜ್ಜ ಎಲ್ಲರೂ ಎದ್ದು ಓಡಿದವರು. ಕುಳ್ಳಿಯೂ ಓಡಿದಳು. ಗದ್ದೆಯ ಕಡೆಗೆ ಇಳಿದು ಸಾಲಾಗಿ ಕೂತರು, ಹಿಮ್ಮಡಿ ಊರಿದರು, ಬೆನ್ನು ಕೊಟ್ಟರು. ಹಸಿ ಮಣ್ಣಿನ ತಂಪು ಬೆನ್ನಿಂದ ಹೊಟ್ಟೆಗೆ ಇಳಿಯಿತು. ಮಣ್ಣಿನ ಆಚೆ ಕಾಲುವೆ ಉಬ್ಬುತ್ತಿರುವುದು ಎಲುಬಿಗೆ ತಿಳಿಯುತ್ತಿತ್ತು. ಮೇಲಿನಿಂದ ನಾಲ್ಕಾರು ಹೆಂಗಸರು ಬುಟ್ಟಿ ಸುರಿಯುತ್ತಿದ್ದರು.

ಬಹಳ ಹೊತ್ತು ಕೂತರು. ಕುಳ್ಳಿಯ ಪಕ್ಕ ಕೂತಿದ್ದ ಮುದುಕನಿಗೆ ಚಳಿಗೆ ಹಲ್ಲು ಕಚ್ಚಿಕೊಂಡಿತು, ಮೈದುನ ಅವನನ್ನು ಎಳೆದು ಮೇಲೆ ಹಾಕಿ ಬಂದ. ಆ ಖಾಲಿ ಜಾಗದಿಂದ ನೀರು ಬೆರಳ ಗಾತ್ರ ಚಿಮ್ಮತೊಡಗಿತು.

ಆಗ ಧಣಿ ಬಂದ. ಗದ್ದೆಯ ಕೆಸರಿಗೆ ಅವನು ಕಾಲಿಟ್ಟಿದ್ದನ್ನು ಅಲ್ಲಿದ್ದವರು ಯಾರೂ ಹಿಂದೆಂದೂ ನೋಡಿರಲಿಲ್ಲ. ಪಂಚೆ ಮೊಣಕಾಲಿಗೆ ಎತ್ತಿಕೊಂಡಿದ್ದ. ಕುಳ್ಳಿಯ ಮುಂದೆ ಬಂದು ನಿಂತ.

"ಅಮ್ಮ" ಎಂದ. ಅವಳಿಗೆ ಮೊದಲು ತನ್ನನ್ನೇ ಕರೆದದ್ದು ಎಂದು ಗೊತ್ತಾಗಲಿಲ್ಲ. "ಇನ್ನೊಂದು ಸ್ವಲ್ಪ ಹೊತ್ತು ತಡಕೊಳ್ಳಿ ಅಮ್ಮ. ಆಗಿದ್ದೆಲ್ಲ ಮರೆತುಬಿಡಿ. ಏರಿ ಮೇಲೇ ಇರಿ, ಯಾರೂ ಏಳಿಸಲ್ಲ. ಮಳೆ ನಿಲ್ಲಲಿ, ಮನೆಗೊಂದು ತುಂಡು ಗದ್ದೆ ಬಿಟ್ಟುಕೊಡ್ತೀನಿ. ನನ್ನ ಮಕ್ಕಳಾಣೆಗೂ."

ಸಾಲಿನಲ್ಲಿ ಒಂದಿಬ್ಬರು ತಲೆಯೆತ್ತಿದರು. ಕುಳ್ಳಿ ನೋಡಿದಳು, ಅವರ ಕಣ್ಣಲ್ಲಿ ಗದ್ದೆ ಆಗಲೇ ಬಂದು ಕೂತಿತ್ತು. ಮೂಗಿಗೆ ತುಪ್ಪ ಸವರುವುದು ಇಷ್ಟು ಸುಲಭ. ಅವಳಿಗೆ ಧಣಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು.

"ಧಣಿ, ಇಲ್ಲಿ ನನ್ನ ಪಕ್ಕ ಜಾಗ ಖಾಲಿ ಇದೆ. ಒಂದು ಬೆನ್ನು ಕಮ್ಮಿ ಬಿದ್ದಿದೆ. ಬನ್ನಿ, ಕೂತ್ಕೊಳ್ಳಿ."

ಅವಳು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅವನು ಕೂತಿದ್ದರೆ ಅವಳೂ ಕೂತಿರುತ್ತಿದ್ದಳು. ಜಾಗ ಮಾಡಿಕೊಡಲು ಸ್ವಲ್ಪ ಸರಿದಳು ಕೂಡ.

"ಏನಂದೆ?"

"ಗದ್ದೆ ನಿಮ್ದು. ಒಂದು ಬೆನ್ನು ಕೊಡಿ ಅಂದೆ."

ಧಣಿ ಸಾಲನ್ನು ನೋಡಿದ. ಕೆಸರು ಮೆತ್ತಿದ ಆ ಮೈಗಳ ನಡುವೆ ಆ ಸಂದಿಯನ್ನು ನೋಡಿದ. ಅವನ ಮುಖ ಹಳೆಯ ಮುಖವಾಯಿತು. "ಹಾದರಗಿತ್ತಿ ಮುಂಡೆ, ನಿನ್ನ ಪಕ್ಕ ನಾನು ಕೂರಬೇಕೇನೇ? ಒತ್ತಿ ಹಿಡಿಯೇ. ಅಲ್ಲಾಡಿದ್ರೆ ಇಲ್ಲೇ ಹೂಳಿಸ್ತೀನಿ."

ಕುಳ್ಳಿ ಎದ್ದಳು.

ಬೇರೇನೂ ಮಾಡಲಿಲ್ಲ, ಎದ್ದು ನಿಂತಳು. ಅವಳ ಬೆನ್ನಿದ್ದ ಕಡೆಯಿಂದ ಮಣ್ಣಿನ ಹೆಂಟೆ ಕಳಚಿ ಬಿತ್ತು, ಹಿಂದೆಯೇ ತೊಡೆಗಾತ್ರದ ನೀರು ಬಂತು. ಮೈದುನ ಅತ್ತಿಗೆಯ ಮುಖ ನೋಡಿದ, ತಾನೂ ಎದ್ದ. ಒಬ್ಬಳು ಹೆಂಗಸು ಅಳುತ್ತ ಎದ್ದಳು. ಕೆಲವರು ಏಳಲಿಲ್ಲ, ಗದ್ದೆ ಗದ್ದೆ ಎನ್ನುತ್ತ ಇನ್ನೂ ಒತ್ತಿ ಹಿಡಿದಿದ್ದರು. ಅಕ್ಕಪಕ್ಕದವರು ತೋಳು ಹಿಡಿದು ಎಳೆದಾಗ ಬಂದರು. ಮೇಲಿದ್ದ ಹೆಂಗಸರು ಬುಟ್ಟಿಗಳನ್ನು ಕೆಳಗಿಟ್ಟರು. ಧಣಿ ಪಂಚೆ ಕೈಯಲ್ಲಿ ಹಿಡಿದುಕೊಂಡು ಮನೆಯತ್ತ ಓಡುತ್ತಿದ್ದ, ಎರಡು ಸಲ ಬಿದ್ದು ಎದ್ದ.

ಜನ ಏರಿ ಹತ್ತುತ್ತಿದ್ದಾಗ ಮೇಸ್ತ್ರಿ ಎದುರಿನಿಂದ ಇಳಿದು ಬಂದ. ಕೋಲು ಎಸೆದ. ಅಕ್ಕ ಎದ್ದು ಬಂದ ಜಾಗದಲ್ಲಿ ಧೊಪ್ಪನೆ ಕೂತು ಬೆನ್ನು ಕೊಟ್ಟ. ಹುಟ್ಟಿದಾರಭ್ಯ ಏರಿಯ ಕೆಲಸ ನೋಡಿದವನು, ಕೂರುವುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಹಿಮ್ಮಡಿ ಊರಿ, ಗದ್ದವನ್ನು ಎದೆಗೆ ಒತ್ತಿ, ಎರಡೂ ಕೈಗಳನ್ನು ಅಗಲಿಸಿ ಇಡೀ ಸಾಲನ್ನು ತಾನೊಬ್ಬನೇ ತುಂಬಲು ನೋಡುತ್ತಿದ್ದ. ನೀರು ಅವನ ಎರಡೂ ಕಂಕುಳಡಿಯಿಂದ ನುಗ್ಗುತ್ತಿತ್ತು.

"ಬನ್ರೋ ಸೂಳೆಮಕ್ಕಳಾ" ಎಂದು ಕೂಗಿದ. "ಮಣ್ಣು ತನ್ರೋ. ಯಾಕ್ರೋ ನಿಂತ್ರಿ?"

ಕುಳ್ಳಿ ಮರಳಿ ಇಳಿದಳು. ಮೈದುನ ಬೇಡ ಎಂದು ಸೆರಗು ಹಿಡಿದದ್ದನ್ನು ಕೊಡವಿಕೊಂಡಳು.

"ಏಳೋ ತಮ್ಮ."

"ಮಣ್ಣು ತಾ ಅಕ್ಕ."

"ಧಣಿ ಹೋದ ಕಣೋ. ಇಲ್ಲಿ ಯಾರೂ ಇಲ್ಲ, ನೋಡು. ಎದ್ದು ಬಾ."

"ಬರ್ತಾರೆ. ಜನ ಕರ್ಕೊಂಡು ಬರ್ತಾರೆ. ನೀನು ಬುಟ್ಟಿ ತಗೋ." ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ನಾನು ಎದ್ರೆ ಏರಿ ಹೋಗ್ತದೆ ಅಕ್ಕ."

"ಹೋಗ್ಲಿ."

ಅವನು ಅವಳನ್ನು ಮೊದಲ ಬಾರಿ ನೋಡುವವನಂತೆ ನೋಡಿದ. ತಲೆ ಅಲ್ಲಾಡಿಸಿದ. ಕಾಲನ್ನು ಇನ್ನಷ್ಟು ಆಳಕ್ಕೆ ಊರಿದ. ನೀರು ಅವನ ಎದೆಗೆ ಬಂದಿತ್ತು, ಆ ಕಡೆ ಈ ಕಡೆ ಏರಿ ತುಂಡು ತುಂಡಾಗಿ ಕಳಚಿ ಗದ್ದೆಗೆ ಇಳಿಯುತ್ತಿತ್ತು. ಕುಳ್ಳಿ ಎರಡೂ ಕೈಗಳಿಂದ ಅವನ ತೋಳು ಹಿಡಿದು ಎಳೆದಳು. ಅವನು ಅವಳನ್ನು ಬೈಯುತ್ತಲೇ ಇದ್ದ, ಮಣ್ಣು ಕೇಳುತ್ತಲೇ ಇದ್ದ. ಅವಳು ಕೈ ಬಿಡಲಿಲ್ಲ, ಅವನು ಏಳಲೂ ಇಲ್ಲ.